ಡಾಂಬರು, ಟಾರು, ಬಿಟುಮೆನ್, ಅಸ್ಫಾಲ್ಟ್: ಯಾವುದಕ್ಕೆ ಯಾವ ಪದ?

ರಸ್ತೆ ಸಾಮಗ್ರಿಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಸಾಲು ಎರಡು ದಿನದಿಂದ ಕಾಡುತ್ತಿದೆ. ರಸ್ತೆಗೆ ಹಾಕುವ ಅಸ್ಫಾಲ್ಟ್‌ನ ತೂಕದಲ್ಲಿ ಬಿಟುಮೆನ್ ಎಂಬ ಅಂಟು ಇರುವುದು ಸುಮಾರು ಶೇ. 5 ಮಾತ್ರ, ಉಳಿದದ್ದೆಲ್ಲ ಜಲ್ಲಿ, ಮರಳು, ಕಲ್ಲಿನ ಪುಡಿ. ಇದನ್ನು ರೂಢಿಯ ಕನ್ನಡದಲ್ಲಿ ಬರೆದರೆ ‘ಡಾಂಬರಿನಲ್ಲಿ ಶೇ. 5ರಷ್ಟು ಡಾಂಬರು ಇರುತ್ತದೆ’ ಎಂದಾಗುತ್ತದೆ. ಓದುವವರಿಗೆ ಏನು ಅರ್ಥವಾಗಬೇಕು?

ನಾವು ಡಾಂಬರು ಅನ್ನುವುದು ಮೂರು ವಸ್ತುಗಳಿಗೆ. ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿದಾಗ ಸಿಗುವ ಕಪ್ಪು ದ್ರವ ಟಾರು. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಅಂಟು ಬಿಟುಮೆನ್. ಆ ಅಂಟಿಗೆ ಜಲ್ಲಿ ಕಲಸಿದರೆ ಅಸ್ಫಾಲ್ಟ್. ಈಗ ರಸ್ತೆಗೆ ಬಳಸುವುದು ಬಹುಮಟ್ಟಿಗೆ ಬಿಟುಮೆನ್, ಆದರೂ ಮಾತಿನಲ್ಲಿ ‘ಟಾರು ರಸ್ತೆ’ ಉಳಿದುಕೊಂಡಿದೆ. ಬಟ್ಟೆಯ ನಡುವೆ ಇಡುವ ‘ಡಾಂಬರು ಗುಳಿಗೆ’ಯಲ್ಲಿ ಮಾತ್ರ ಹಳೆಯ ಅರ್ಥ ಸರಿಯಾಗಿಯೇ ಇದೆ. ಅದರ ನ್ಯಾಫ್ತಲೀನ್ ಕಲ್ಲಿದ್ದಲಿನ ಟಾರಿನಿಂದಲೂ ಬರುತ್ತದಲ್ವಾ. ಇದು ಹೊಳೆದಾಗ ನನಗೆ ತುಂಬ ಖುಷಿಯಾಯಿತು.

ಇಂಗ್ಲಿಷ್ ನೋಡಿದರೂ ದಾರಿ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಅಂಟು ಬಿಟುಮೆನ್, ಕಲಸಿದ್ದು ಅಸ್ಫಾಲ್ಟ್. ಅಮೆರಿಕದಲ್ಲಿ ಅಂಟನ್ನೇ ಅಸ್ಫಾಲ್ಟ್ ಅನ್ನುತ್ತಾರೆ.

ಸಂಸ್ಕೃತದ ‘ಶಿಲಾಜತು’ ನೆನಪಾಯಿತು. ಶಿಲಾ ಅಂದರೆ ಕಲ್ಲು. ಜತು ಅಂದರೆ ಅರಗು, ಜತುಗೃಹ ಅರಗಿನ ಮನೆ. ಹಾಗಾಗಿ ಬಿಟುಮೆನ್‌ಗೆ ‘ಕಲ್ಲರಗು’ ಅನ್ನಬಹುದು. ಕೇಳಲು ಚೆಂದ, ವಸ್ತುವಿನ ಗುಣಕ್ಕೂ ಹೊಂದುತ್ತದೆ. ಆದರೆ ಶಿಲಾಜಿತು ಎಂದರೆ ಜನಕ್ಕೆ ಔಷಧಿಯೇ ನೆನಪಾಗುತ್ತದೆ. ಎಲ್ಲರ ಬಾಯಲ್ಲೂ ಇರುವ ಪದವನ್ನು ಬಿಟ್ಟು ಹೊಸದನ್ನು ಹೊರಿಸುವುದು ನನಗೆ ಇಷ್ಟವಿಲ್ಲ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಅಂಟಿಗೆ ಡಾಂಬರು. ಕಲ್ಲಿದ್ದಲಿನದಕ್ಕೆ ಟಾರು. ನೀರಿನಲ್ಲಿ ಡಾಂಬರಿನ ಸಣ್ಣ ಹನಿಗಳನ್ನು ಬೆರೆಸಿ ಮಾಡುವ, ಜಾಸ್ತಿ ಬಿಸಿ ಬೇಡದ ಬಗೆಗೆ ಡಾಂಬರು ಎಮಲ್ಷನ್.

ತೊಡಕಿರುವುದು ಕಲಸಿದ್ದರ ಹೆಸರಿನಲ್ಲಿ. ‘ಡಾಂಬರು ಕಾಂಕ್ರೀಟ್’ ಎಂದರೆ ಎಂಜಿನಿಯರುಗಳಿಗೆ ತಿಳಿಯುತ್ತದೆ, ಉಳಿದವರು ಸಿಮೆಂಟು ಅಂದುಕೊಳ್ಳುತ್ತಾರೆ. ಸುಣ್ಣ, ಮರಳು ಸೇರಿದರೆ ಗಾರೆ ಅನ್ನುವ ಹಾಗೆ ‘ಡಾಂಬರುಗಾರೆ’ ಅನ್ನಬಹುದೇ? ಮಹಡಿಯಲ್ಲಿ ನೀರು ಇಳಿಯದಂತೆ ಬಳಿಯುವ ಮಾಸ್ಟಿಕ್ ಅಸ್ಫಾಲ್ಟ್‌ಗೆ ಇದು ಚೆನ್ನಾಗಿ ಒಪ್ಪುತ್ತದೆ. ದಪ್ಪ ಜಲ್ಲಿಯ ರಸ್ತೆಗೆ ಒಪ್ಪುತ್ತದೆಯೇ? ರಸ್ತೆ ಕೆಲಸ ಮಾಡುವವರು ಆ ಬಿಸಿ ಮಿಶ್ರಣವನ್ನು ಏನಂತ ಕರೆಯುತ್ತಾರೆ ಎಂದು ಕೇಳಿ ಬಲ್ಲವರು ದಯವಿಟ್ಟು ತಿಳಿಸಿ. ಅವರ ಪದವಿದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.