ಕೇಸರಿ ಗೆಡ್ಡೆಗಳನ್ನು ಹೆಗ್ಗಣಗಳಿಂದ ಉಳಿಸುವುದು ಹೇಗೆ?

ಪ್ರಶ್ನೆ (ಮಣಿಪಾಲ): ಕಾಶ್ಮೀರದ ಪಾಂಪೋರಿಗೆ ಹೋಗಿಬಂದ ಸ್ನೇಹಿತರು ಕೊಟ್ಟ ಇಪ್ಪತ್ತು ಕೇಸರಿ ಗೆಡ್ಡೆಗಳನ್ನು ಕಳೆದ ವಾರ ಬಾವಿಕಟ್ಟೆಯ ಪಕ್ಕದಲ್ಲಿ ನೆಟ್ಟಿದ್ದೆ. ಮೂರನೆಯ ಬೆಳಿಗ್ಗೆ ನೋಡಿದರೆ ಮಣ್ಣು ಕೆದರಿ, ಹದಿನಾಲ್ಕರ ನಾರುಸಿಪ್ಪೆ ಮಾತ್ರ ಬಿದ್ದಿತ್ತು. ಉಳಿದ ಆರನ್ನು ಕಾಪಾಡುವ ಬಗೆಯನ್ನು ತಿಳಿದವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಕಾರ್ಕಳ): ಮೊದಲು ಆ ಸಿಪ್ಪೆಗಳನ್ನು ಹೆಕ್ಕಿ ತೆಗೆಯಿರಿ, ಅದರ ವಾಸನೆಗೇ ಹೆಗ್ಗಣ ಮತ್ತೆ ಬರುತ್ತದೆ. ವಿಷವನ್ನಂತೂ ಇಡಬೇಡಿ, ಸತ್ತ ಹೆಗ್ಗಣವನ್ನು ತಿಂದ ಗೂಬೆ, ಬೆಕ್ಕುಗಳಿಗೂ ಅದು ಅಪಾಯ. ತಂತಿಬಲೆಯನ್ನು ಪೆಟ್ಟಿಗೆಯಂತೆ ಮಡಚಿ, ಅದರೊಳಗೆ ಗೆಡ್ಡೆಗಳನ್ನು ನಾಲ್ಕು ಇಂಚು ಆಳದಲ್ಲಿಟ್ಟು ಹೊಯ್ಗೆ ಬೆರೆಸಿದ ಮಣ್ಣು ತುಂಬಿ, ಮೇಲೂ ಬಲೆ ಮುಚ್ಚಿ, ಮೊಳಕೆ ಕಂಡ ಮೇಲೆ ಮೇಲಿನದನ್ನು ತೆಗೆಯಬಹುದು. ಹೆಗ್ಗಣವನ್ನು ತಡೆಯಲು ಬಲೆಗೆ ಅರ್ಧ ಇಂಚಿನ ಕಣ್ಣು ಸಾಕು, ಸುಂಡಿಲಿಗೆ ಕಾಲಿಂಚೇ ಬೇಕು.

ಉತ್ತರ (ಮಂಗಳೂರು): ಬಲೆಯ ಮಾತು ಸರಿ. ಆದರೆ ನಮ್ಮೂರಿನಲ್ಲಿ ಹೆಗ್ಗಣಕ್ಕಿಂತ ದೊಡ್ಡ ಶತ್ರು ಹವೆಯೇ. ಬೇಸಿಗೆಯಲ್ಲಿ ಒಣಮಣ್ಣಿನಲ್ಲಿ ಮಲಗಿದ್ದು, ಸುಮಾರು 17 ಡಿಗ್ರಿ ಸೆಲ್ಸಿಯಸ್ ತಂಪು ಬಂದಾಗ ಹೂವನ್ನು ಹೊರಹಾಕುವ ಈ ಗೆಡ್ಡೆ ನಮ್ಮ ಮಳೆಗಾಲದ ನೆಲದಲ್ಲಿ ಕೊಳೆಯುವುದೇ ಹೆಚ್ಚು. ಗೆಡ್ಡೆಯೊಳಗಿನ ಸಂಗ್ರಹದ ಬಲದಿಂದಲೇ ಅದು ಮಣ್ಣಿಲ್ಲದ ತಟ್ಟೆಯಲ್ಲೂ ಹೂ ಬಿಡುವುದರಿಂದ, ಆ ಆರನ್ನು ತಂಪಾದ ಕೋಣೆಯೊಳಗೆ ಇಡುವುದು ಲೇಸು. ಇನ್ನೊಂದು ಮಾತು: ಹೂವಿನಲ್ಲಿ ಮೂರು ಕೇಸರಗಳಿದ್ದರೆ (ಪರಾಗ ಹೊರುವ ಎಳೆಗಳು, ಕೆಂಪು ಕೇಸರಿ ಎಳೆಗಳಲ್ಲ) ಮಾತ್ರ ಅದು ಕೇಸರಿ ಕುಲದ್ದು. ಆರಿದ್ದರೆ ಅದು ಕೇಸರಿಯಂತೆಯೇ ಕಾಣುವ ಕಾಲ್ಚಿಕಮ್ ಎಂಬ ಬೇರೆ ಗಿಡ, ನಮ್ಮ ಗೌರಿಹೂವಿನ ಗೆಡ್ಡೆಯಲ್ಲಿರುವ ವಿಷವೇ ಅದರಲ್ಲೂ ಇದೆ.

ಪ್ರಶ್ನೆ ಕೇಳಿದವರು: ಹೆಗ್ಗಣ ಹದಿನಾಲ್ಕನ್ನು ತಿಂದು ಸುಖವಾಗಿ ಓಡಾಡುತ್ತಿರುವುದರಿಂದ ಅದು ಕಾಲ್ಚಿಕಮ್ ಅಲ್ಲವೆಂದು ನಂಬುತ್ತೇನೆ. ಆರನ್ನೂ ಇಂದೇ ಒಳಗೆ ತರುತ್ತೇನೆ.