ಆನ್‌ಲೈನ್ ಪಿಎಚ್‌ಡಿ: ಫೀಸ್ ನೋಡ್ಬೇಕಾ, ಗೈಡ್ ನೋಡ್ಬೇಕಾ?

ಎಂಟೆಕ್ ಮುಗಿದು 9 ವರ್ಷ ಆಯ್ತು, ಕೆಲಸ ಬಿಡೋ ಹಾಗಿಲ್ಲ. ಕಂಪ್ಯೂಟರ್ ಇಂಜಿನಿಯರಿಂಗಲ್ಲಿ ಆನ್‌ಲೈನ್ ಪಿಎಚ್‌ಡಿ ಮಾಡ್ಬೇಕು ಅಂತಿದೀನಿ. ಫೀಸ್ ಕೈಗೆಟುಕ್ಬೇಕು, ಡಿಗ್ರಿಗೂ ಮರ್ಯಾದೆ ಇರ್ಬೇಕು. ಮಾಡಿರೋರು ಹೇಗೆ ಆರಿಸಿದ್ರಿ ಸ್ವಲ್ಪ ಹೇಳಿ.

*

ನಾನು ಎಡವಿದ್ದೇ ಫೀಸ್ ವಿಷಯದಲ್ಲಿ. ಕ್ರೆಡಿಟ್‌ಗೆ (ಕೋರ್ಸ್ ಅಳೆಯೋ ಯೂನಿಟ್) ಇಷ್ಟು ಅಂತ ಕಮ್ಮಿ ರೇಟ್ ನೋಡಿ ಸೇರ್ಕೊಂಡೆ, ಕೋರ್ಸ್‌ವರ್ಕ್ ಎರಡೂವರೆ ವರ್ಷಕ್ಕೆ ಮುಗೀತು, ಆಮೇಲೆ ಶುರುವಾಯ್ತು ನೋಡಿ, ಕ್ಲಾಸ್ ಒಂದೂ ಇಲ್ಲ ಆದ್ರೂ ಥೀಸಿಸ್ ಮುಗಿಯೋವರೆಗೂ ಪ್ರತಿ ಸೆಮಿಸ್ಟರ್ ದುಡ್ಡು ಕಟ್ಟಿ ರಿಜಿಸ್ಟರ್ ಆಗ್ತಾನೇ ಇರ್ಬೇಕು. ಗೈಡ್ ಒಂದು ಚಾಪ್ಟರ್ ವಾಪಸ್ ಕೊಡೋಕೆ ನಾಲ್ಕು ತಿಂಗಳು ತಗೊಂಡ್ರು, ಕೊಟ್ಟಾಗ ಮಾರ್ಜಿನಲ್ಲಿ ಇದ್ದಿದ್ದು ಒಂದೇ ಸಾಲು, "ರಿಲೇಟೆಡ್ ವರ್ಕ್ ಸಾಲದು" ಅಂತ, ಅಂದ್ರೆ ಇದೇ ವಿಷಯದಲ್ಲಿ ಬೇರೆಯವ್ರು ಮಾಡಿರೋ ಕೆಲಸದ ಬಗ್ಗೆ ಬರೆದಿದ್ದು ಸಾಲದು ಅಂತ. ಆ ನಾಲ್ಕು ತಿಂಗಳ ಫೀಸ್ ಕಟ್ಟಿದ್ದು ನಾನೇ! ಅದಕ್ಕೇ ಬರೀ ಕ್ರೆಡಿಟ್ ರೇಟ್ ಕೇಳ್ಬೇಡಿ, ಕೆಲಸ ಮಾಡ್ಕೊಂಡೇ ಓದಿದೋರು ಎಷ್ಟು ವರ್ಷಕ್ಕೆ ಮುಗ್ಸಿದ್ರು, ಅರ್ಧಕ್ಕೆ ಬಿಟ್ಟೋರು ಎಷ್ಟು ಜನ ಅಂತ ಕೇಳಿ. ಉತ್ತರ ಕೊಡೋಕೆ ತಡವರಿಸಿದ್ರೆ ಗೊತ್ತಾಗೋಯ್ತಲ್ಲ.

*

ಎಬಿಇಟಿ (ಇಂಜಿನಿಯರಿಂಗ್ ಕೋರ್ಸ್‌ಗಳಿಗೆ ಕೊಡೋ ಅಮೆರಿಕದ ಮಾನ್ಯತೆ) ಇದೆಯಾ ಅಂತ ಹುಡುಕ್ತಾ ಕೂರ್ಬೇಡಿ, ಅದು ಮಾಸ್ಟರ್ಸ್‌ವರೆಗೆ ಮಾತ್ರ, ಡಾಕ್ಟರೇಟ್‌ಗೆ ಕೊಡೋದೇ ಇಲ್ಲ. ಅಮೆರಿಕದ ಯೂನಿವರ್ಸಿಟಿ ಆದ್ರೆ ಇಡೀ ಯೂನಿವರ್ಸಿಟಿಗೆ ಮಾನ್ಯತೆ ಇದೆಯಾ ಅಂತ ಸಿಎಚ್‌ಇಎ (ಮಾನ್ಯತೆ ವಿಷಯ ನೋಡ್ಕೊಳ್ಳೋ ಅಲ್ಲಿನ ಕೌನ್ಸಿಲ್) ಪಟ್ಟೀಲಿ ನೋಡಿ. ಇನ್ನೊಂದು, ಡಿಗ್ರಿ ತಗೊಂಡು ಎಲ್ಲಿ ಬಳಸ್ತೀರಿ ಅನ್ನೋದು ಮುಖ್ಯ. ಭಾರತದಲ್ಲಿ ಯುಜಿಸಿಯ 2022ರ ನಿಯಮದ ಪ್ರಕಾರ ಪಾರ್ಟ್ ಟೈಮ್ ಪಿಎಚ್‌ಡಿ ಉಂಟು, ಆನ್‌ಲೈನ್ ಪಿಎಚ್‌ಡಿ ಇಲ್ಲ, ಹಾಗಾಗಿ ಮುಂದೆ ಲೆಕ್ಚರರ್ ಆಗೋ ಯೋಚನೆ ಇದ್ರೆ ಫೀಸ್ ಕಟ್ಟೋಕೆ ಮುಂಚೆ ವಿಚಾರಿಸಿ. ಡಿ.ಇಂಜಿನಿಯರಿಂಗ್ (ಡಾಕ್ಟರ್ ಆಫ್ ಇಂಜಿನಿಯರಿಂಗ್) ಅಂತಾನೂ ಒಂದು ಡಾಕ್ಟರೇಟ್ ಇದೆ, ಕಂಪನಿಯಲ್ಲೇ ಮೇಲೆ ಹೋಗೋರಿಗೆ ಅದು ಸಾಕು, ಪ್ರೊಫೆಸರ್ ಹುದ್ದೆಗೆ ಪಿಎಚ್‌ಡಿನೇ ವಾಸಿ.

*

ರ‍್ಯಾಂಕಿಂಗ್ ಪಕ್ಕಕ್ಕಿಡಿ, ಗೈಡ್ ಹೆಸರು ಡಿಬಿಎಲ್‌ಪಿಲಿ (ಕಂಪ್ಯೂಟರ್ ಸೈನ್ಸ್ ಪೇಪರ್‌ಗಳ ಪಟ್ಟಿ ಇರೋ ವೆಬ್‌ಸೈಟ್) ಹಾಕಿ ನೋಡಿ. ಮೂರು ವರ್ಷದಿಂದ ಒಂದೂ ಪೇಪರ್ ಇಲ್ಲ ಅಂದ್ರೆ ಹೆಸರುವಾಸಿ ಯೂನಿವರ್ಸಿಟಿ ಆದ್ರೂ ಬೇಡ. ಅವ್ರ ಹತ್ರ ದೂರದಿಂದ್ಲೇ ಮಾಡಿ ಮುಗ್ಸಿದೋರು ಒಬ್ರಾದ್ರೂ ಇದ್ರೆ ಮೇಲ್ ಹಾಕಿ, ನಾನು ಇಬ್ರಿಗೆ ಹಾಕಿದ್ದೆ, ಒಬ್ರು ಮರುದಿನಾನೇ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದ್ರು. ಆನ್‌ಲೈನ್ ಅಂತ ಬರೆದಿದ್ರೂ ಕ್ವಾಲಿಫೈಯಿಂಗ್ ಎಕ್ಸಾಮ್‌ಗೋ ಥೀಸಿಸ್ ಡಿಫೆನ್ಸ್‌ಗೋ (ಕೊನೇ ಮೌಖಿಕ ಪರೀಕ್ಷೆ) ಬರ್ಲೇಬೇಕು ಅಂತ ಕೆಲವು ಕಡೆ ಇರತ್ತೆ, ಓಡಾಟದ ಖರ್ಚೂ ಸೇರಿಸ್ಕೊಳ್ಳಿ. ನಂದು ಕ್ಯಾಶ್ ಮೆಮೊರಿ (ಪ್ರೊಸೆಸರ್‌ನ ವೇಗದ ಚಿಕ್ಕ ಮೆಮೊರಿ) ಕೆಲಸ, ಜೆಮ್5 ಅನ್ನೋ, ಕಂಪ್ಯೂಟರ್ ಹಾರ್ಡ್‌ವೇರನ್ನ ಸಾಫ್ಟ್‌ವೇರಲ್ಲೇ ಅನುಕರಿಸೋ ಸಿಮ್ಯುಲೇಟರ್ ರಾತ್ರಿ ಸರ್ವರಲ್ಲಿ ಓಡಿಸಿ ಮಲಗಿದ್ರೆ ಬೆಳಿಗ್ಗೆ ರಿಸಲ್ಟು, ಮನೇಲೇ ಆಯ್ತು. ಎಫ್‌ಪಿಜಿಎ (ಬೇಕಾದ ಹಾಗೆ ಸರ್ಕ್ಯೂಟ್ ಬದಲಿಸ್ಕೊಳ್ಳೋ ಚಿಪ್) ಬೋರ್ಡನ್ನೂ ಮೇಜಿನ ಮೇಲಿಟ್ಕೊಂಡು ಮಾಡ್ಬಹುದು. ಚಿಪ್ ಮಾಡಿಸಿ ಅಳತೆ ತೆಗಿಯೋ ಕೆಲಸ ಆದ್ರೆ ಮಾತ್ರ ಲ್ಯಾಬ್ ಇಲ್ದೆ ಆಗಲ್ಲ.

ಅಂದ್ಹಾಗೆ ನಿಮ್ಮ ಏರಿಯಾ ಯಾವ್ದು ಅಂತ ಹೇಳ್ಲೇ ಇಲ್ವಲ್ಲ?