ಎತ್ತರ 4 ಅಡಿ 11 ಇಂಚು, ಚೆಲ್ಲೊ ಯಾವ ಅಳತೆ? ದುರಸ್ತಿಗಾರರೊಂದಿಗೆ ಪ್ರಶ್ನೋತ್ತರ

ದುರಸ್ತಿಗಾರ, ಬಳ್ಳಾರಿ: ಇಂದು ಈ ಗುಂಪಿನಲ್ಲಿ ವಯಸ್ಕರ ಚೆಲ್ಲೊ (ಕೂತು ನುಡಿಸುವ, ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಅಳತೆಯ ಬಗ್ಗೆ ಮಾತ್ರ ಕೇಳಿ. ಎತ್ತರ ಬರೆಯಿರಿ. ಬೆಲೆ ಕೇಳಬೇಡಿ.

ಸಿರುಗುಪ್ಪದ ಸದಸ್ಯ: ನಮಸ್ಕಾರ ಸರ್. ವಯಸ್ಸು 34, ಎತ್ತರ 5 ಅಡಿ 6 ಇಂಚು.

ದುರಸ್ತಿಗಾರ: ಫುಲ್ ಸೈಜ್, ಅಂದರೆ 4/4. ಐದಡಿ ದಾಟಿದ ವಯಸ್ಕರಿಗೆ ಸಾಮಾನ್ಯವಾಗಿ ಅದೇ ಹೊಂದುತ್ತದೆ.

ಮಾನ್ವಿಯ ಸದಸ್ಯ: ಸರ್, 5 ಅಡಿ 9 ಇಂಚು ಇದ್ದರೆ?

ದುರಸ್ತಿಗಾರ: ಮೇಲಿನ ಉತ್ತರ ಓದಿ.

ಕೊಪ್ಪಳದ ಸದಸ್ಯೆ: ಸರ್, ನನಗೆ 43 ವರ್ಷ, ಎತ್ತರ 4 ಅಡಿ 11 ಇಂಚು. ಬಳಸಿದ 4/4 ಕೊಂಡಿದ್ದೇನೆ. ಅರ್ಧ ಗಂಟೆ ನುಡಿಸಿದರೆ ಎಡಗೈ ಹೆಬ್ಬೆರಳಿನ ಬುಡ ನೋಯುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ. ಎಲ್ಲರೂ ಮಕ್ಕಳ ಅಳತೆಯ 3/4 ತೆಗೆದುಕೋ ಎನ್ನುತ್ತಿದ್ದಾರೆ. ಇದನ್ನು ಮಾರಿಬಿಡಲೇ?

ದುರಸ್ತಿಗಾರ: ಮೇಡಂ, ಮಾರಬೇಡಿ. ಸದ್ಯಕ್ಕೆ ನುಡಿಸಲೂ ಬೇಡಿ. ಜೋಮು ಮತ್ತೆ ಮತ್ತೆ ಬರುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ, ವಾದ್ಯದ ಮಾತು ಆಮೇಲೆ.

ತಂತಿಯ ಉದ್ದ 4/4ರಲ್ಲಿ ಸುಮಾರು 69 ಸೆಂ.ಮೀ., ನಡುವಿನ ಅಳತೆ 7/8ರಲ್ಲಿ 65, 3/4ರಲ್ಲಿ 62. ಮೊದಲ ಸ್ಥಾನದಲ್ಲಿ, ಅಂದರೆ ಕೈ ಬಿರಡೆಗಳ ಕಡೆಯ ತುದಿಯಲ್ಲಿರುವಾಗ, ತೋರುಬೆರಳು ಒತ್ತಿದ ಸ್ವರವನ್ನು ಷಡ್ಜವೆಂದುಕೊಳ್ಳಿ. ಕಿರುಬೆರಳು ಚಾಚಿ ಹಿಂದೂಸ್ತಾನಿಯ ಶುದ್ಧ ಗಾಂಧಾರ (ಕರ್ನಾಟಕ ಸಂಗೀತದ ಅಂತರ ಗಾಂಧಾರ) ಮುಟ್ಟಲು 4/4ರಲ್ಲಿ ಸುಮಾರು 12.7 ಸೆಂ.ಮೀ. ಬೇಕು, 7/8ರಲ್ಲಿ 12. ಜನ ಇಷ್ಟೊಂದು ಹೆದರುವ ವ್ಯತ್ಯಾಸ ಒಂದು ಸೆಂಟಿಮೀಟರ್ ಕೂಡ ಇಲ್ಲ. ಎತ್ತರ ಕಡಿಮೆ ಇದ್ದು ಕೈ ಅಗಲವಿರುವವರು ಬೇಕಾದಷ್ಟಿದ್ದಾರೆ. ತೋರುಬೆರಳಿನಿಂದ ಕಿರುಬೆರಳಿಗೆ ಹಿಗ್ಗಿಸಿದಾಗ ಆರು ಇಂಚು ಬಂದರೆ 4/4 ನಡೆಯುತ್ತದೆ.

ಇನ್ನು ಕೂತು ನೋಡಿ. ಪಾದ ನೆಲಕ್ಕೂರಿರಲಿ, ಮೊಣಕಾಲು ಲಂಬಕೋನದಲ್ಲಿರಲಿ. ವಾದ್ಯದ ಮೇಲಂಚು ಎದೆಮೂಳೆಗೆ ಒರಗಬೇಕು, ದಪ್ಪ ತಂತಿಯ ಶ್ರುತಿ ಬಿರಡೆ ಎಡಕಿವಿಯ ಹತ್ತಿರ ಬರಬೇಕು. ಬಿರಡೆ ತಲೆಗೆ ತಾಗಿದರೆ ನೆಲಕ್ಕೂರುವ ಕೆಳಗಿನ ಕಡ್ಡಿಯ ಉದ್ದ ಬದಲಿಸಿ.

ನನಗೆ ಅನುಮಾನ ಬೇರೆಯದರ ಮೇಲಿದೆ. ಬೆರಳೊತ್ತುವ ಹಲಗೆ, ಅಂದರೆ ಫಿಂಗರ್‌ಬೋರ್ಡ್, ಮುಗಿಯುವಲ್ಲಿ ಆ ಹಲಗೆಯಿಂದ ತಂತಿಗೆ ಎಷ್ಟು ಮಿ.ಮೀ. ಎಂದು ಅಳೆಯಿರಿ. ತೆಳು ತಂತಿಗೆ 5, ದಪ್ಪ ತಂತಿಗೆ 8ರ ಆಸುಪಾಸು ಇರಬೇಕು. ಅದಕ್ಕಿಂತ ಬಹಳ ಎತ್ತರವಿದ್ದರೆ ಯಾವ ಅಳತೆಯ ಚೆಲ್ಲೊ ಕೊಂಡರೂ ಹೆಬ್ಬೆರಳು ನೋಯುತ್ತದೆ.

ಗಂಗಾವತಿಯ ಸದಸ್ಯ: ಗುಂಪಿಗೆ ಬಂದ ಸಂದೇಶ: ಮಲಗುವಾಗ ಬೆರಳುಗಳ ಸಂದಿಯಲ್ಲಿ ಬಾಟಲಿಯ ಬಿರಡೆ ಸಿಕ್ಕಿಸಿ ಪಟ್ಟಿ ಕಟ್ಟಿಕೊಳ್ಳಿ, 21 ದಿನದಲ್ಲಿ ಕೈ ಒಂದು ಇಂಚು ಅಗಲವಾಗುತ್ತದೆ. ಹತ್ತು ಜನರಿಗೆ ಕಳುಹಿಸಿ.

ದುರಸ್ತಿಗಾರ: ಯಾರೂ ಕಟ್ಟಬೇಡಿ. ರಾತ್ರಿಯಿಡೀ ಬಿಗಿದ ಪಟ್ಟಿಯಿಂದ ನರಕ್ಕೆ ಪೆಟ್ಟು ಬೀಳುತ್ತದೆ, ಮೂಳೆ ಬೆಳೆಯುವುದಿಲ್ಲ. ಬೇಸಿಗೆಗೆ ಮರ ಸೀಳದಂತೆ ಕೊಬ್ಬರಿ ಎಣ್ಣೆ ಹಚ್ಚಿರೆಂದು ಕಳುಹಿಸಿದವರೂ ನೀವೇ ಅಲ್ಲವೇ? ಆ ಎಣ್ಣೆ ಕುಡಿದ ಮರದ ಮೇಲೆ ಅಂಟು ಹಿಡಿಯುವುದಿಲ್ಲ. ದುರಸ್ತಿಗೆ ಬಂದಾಗ ಒದ್ದಾಡುವವನು ನಾನು.

ರಾಯಚೂರಿನ ಸದಸ್ಯ: ನಮ್ಮ ಕಡೆ ಹಿಂದೂಸ್ತಾನಿ ಸಂಗೀತ, ನೆಲದ ಮೇಲೆ ಕೂತು ನುಡಿಸಬೇಕು. ಚೆಲ್ಲೊದಲ್ಲಿ ಹಿಂದೂಸ್ತಾನಿ ನುಡಿಸುವ ಸಾಸ್ಕಿಯಾ ರಾವ್ ಅವರದೂ ಚಿಕ್ಕ ಚೆಲ್ಲೊ. ಹಾಗಾಗಿ ಎಲ್ಲರೂ 3/4 ಕೊಳ್ಳುವುದೇ ಒಳ್ಳೆಯದು.

ಸಂಡೂರಿನ ಸದಸ್ಯೆ: ಅಣ್ಣಾ, ಅವರದು ಮಕ್ಕಳ ಚೆಲ್ಲೊ ಅಲ್ಲ. ನುಡಿಸುವ ತಂತಿ ಐದು, ಜೊತೆಗೆ ತಾನಾಗಿ ಮಿಡಿಯುವ ತರಬ್ ತಂತಿ ಹತ್ತು, ಬೇರೆಯಾಗಿಯೇ ಮಾಡಿಸಿದ ವಾದ್ಯ.

ರಾಯಚೂರಿನ ಸದಸ್ಯ: ಚಿಕ್ಕದು ತಾನೇ? ನಾನು ಹೇಳಿದ್ದೂ ಅದೇ.

ಸಂಡೂರಿನ ಸದಸ್ಯೆ: ನೀವು ಹೇಳಿದ್ದು 3/4. ಮಂದ್ರದಲ್ಲಿ ಅದರ ನಾದ ತೆಳುವಾಗುತ್ತದೆ, ಕೇಳಿದ್ದೀರಾ?

ರಾಯಚೂರಿನ ಸದಸ್ಯ: ನಾಲ್ಕು ವಿಡಿಯೊ ನೋಡಿದವರೆಲ್ಲ ಉಸ್ತಾದರು.

ಸಂಡೂರಿನ ಸದಸ್ಯೆ: ನೋಡದೆ ಮಾತನಾಡುವುದಕ್ಕಿಂತ ವಾಸಿ.

ಸಿಂಧನೂರಿನ ಸದಸ್ಯ: 7/8ಕ್ಕೆ 4/4ರ ತಂತಿ ಹಾಕಬಹುದೇ ಸರ್? ಬಸ್ಸಿನಲ್ಲಿ ಚೆಲ್ಲೊಗೆ ಟಿಕೆಟ್ ಕೇಳುತ್ತಾರೆಯೇ?

ಕುಷ್ಟಗಿಯ ಸದಸ್ಯ: ಸರ್, 5 ಅಡಿ 4 ಇಂಚು. ಯಾವ ಅಳತೆ?

ದುರಸ್ತಿಗಾರ: ಸ್ವಾಮಿ, ಓದಲು ಬರುತ್ತದೆಯೋ ಇಲ್ಲವೋ? 4/4. ನೆಲದ ಮೇಲೆ ಕೂತು ನುಡಿಸುವ ವಿಷಯಕ್ಕೆ ಜಗಳ ಆಡುವವರು ಬೇರೆ ಗುಂಪು ಮಾಡಿಕೊಳ್ಳಿ.

ರಾಯಚೂರಿನ ಸದಸ್ಯ: ಪ್ರಶ್ನೆ ಕೇಳಿದರೆ ಸಿಟ್ಟು ಏಕೆ?

ಕೊಪ್ಪಳದ ಸದಸ್ಯೆ: ಅಳೆದೆ ಸರ್. ತೆಳು ತಂತಿಗೆ 9, ದಪ್ಪ ತಂತಿಗೆ 12 ಮಿ.ಮೀ. ಕೈ ಹಿಗ್ಗಿಸಿದರೆ ಆರು ಇಂಚಿಗೆ ನೂಲಿನಷ್ಟು ಕಡಿಮೆ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ಉಪ್ಪುಕಾಗದದಿಂದ ನಾನೇ ತಿಕ್ಕಲೇ?

ದುರಸ್ತಿಗಾರ: ತಿಕ್ಕಬೇಡಿ. ಮೇಲಿನ ಬಾಗು ಕೆಟ್ಟರೆ ಕಮಾನು ಎರಡು ತಂತಿಗೆ ಒಟ್ಟಿಗೆ ತಾಗುತ್ತದೆ. ನಿಮ್ಮ ಕುದುರೆ ನಾಲ್ಕೈದು ಮಿ.ಮೀ. ಹೆಚ್ಚು ಎತ್ತರವಾಗಿದೆ, ವಾದ್ಯ ತನ್ನಿ, ಅದನ್ನು ಕೆತ್ತೋಣ. ಬಳಿಕ, ವೈದ್ಯರು ಒಪ್ಪಿದರೆ, ನುಡಿಸಿ ನೋಡಿ, ಆಗಲೂ ಕೈ ಸೋತರೆ 7/8 ಹುಡುಕೋಣ. ಆದರೆ 7/8 ಎಂಬುದು ತಯಾರಕರಿಗೊಂದು ಅಳತೆ, ಟೇಪ್ ಹಿಡಿಯದೆ ಕೊಳ್ಳಬೇಡಿ. ತರುವಾಗ ಎಲ್ಲ ತಂತಿಗಳನ್ನೂ ಸಡಿಲಿಸಬೇಡಿ, ತಂತಿಗಳ ಒತ್ತಡದಿಂದ ವಾದ್ಯದೊಳಗೆ ನಿಂತಿರುವ ಕಡ್ಡಿ ಬಿದ್ದುಹೋಗುತ್ತದೆ. ವಾದ್ಯವಿರುವ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ ಊಟಕ್ಕೆ ಹೋಗಬೇಡಿ. ವೈದ್ಯರು ಏನೆಂದರು ಎಂಬುದನ್ನೂ ತಿಳಿಸಿ.